ಮೇಜು ತಿರುಗಿಸಿದ ಮೇಲೆ

ಫೋನ್ ಮಾಡಿದವರು ಹದಿನೈದು ದಿನ ಇದೆ ಅಂದಿದ್ದರು. ಕ್ಯಾಲೆಂಡರ್ ತೆಗೆದು ಎಣಿಸಿದರೆ ಹನ್ನೊಂದೇ ಇತ್ತು. ಸ್ಟಾಲ್ ಕಟ್ಟುವವರು ಎರಡು ದಿನ ಮೊದಲೇ ಎಲ್ಲ ಸಾಮಾನು ಬಂದಿರಬೇಕು ಅನ್ನುತ್ತಾರೆ, ಅಲ್ಲಿಗೆ ಒಂಬತ್ತು. ಕೇಳಿದ್ದು ಒಂದೇ ಮಾತು: "ಮೂರು ದಿನದ ಈವೆಂಟ್. ನಮ್ಮ ಬೂತ್ ಮುಂದೆ ಜನ ನಿಲ್ಲಬೇಕು. ಇ-ಸ್ಪೋರ್ಟ್ಸ್ ಥರದ್ದು ಒಂದು ಪುಟ್ಟ ಗೇಮ್ ಮಾಡಿಕೊಡಿ."

ಇ-ಸ್ಪೋರ್ಟ್ಸ್ ಅಂದರೆ ಟೂರ್ನಿ ಕಟ್ಟಿ ಆಡುವ ವಿಡಿಯೊ ಗೇಮ್ ಪಂದ್ಯಗಳು. ಅದರ ಥರ ಅಂದರೆ ಏನು ಅಂತ ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಇಬ್ಬರ ತಲೆಯಲ್ಲೂ ಒಂದೇ ಚಿತ್ರ ಇದ್ದಿರಬೇಕು. ಕಪ್ಪು ಹಿನ್ನೆಲೆ, ನೇರಳೆ ನಿಯಾನ್ ಗೆರೆ, ಚೂಪು ಮೂಲೆಯ ಅಕ್ಷರ, ಎದೆಗೆ ಬಡಿಯುವ ಬೇಸ್. ನಾನು ಮತ್ತು ಚಿತ್ರ ಬರೆಯುವ ನನ್ನ ಗೆಳತಿ ಅವತ್ತು ರಾತ್ರಿಯೇ ಕೂತು ಶುರು ಹಚ್ಚಿಕೊಂಡೆವು.

ಮೊದಲ ನಾಲ್ಕು ದಿನ ಕಟ್ಟಿದ್ದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಐದು ಜನ ವೀರರು, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ, ಮೂರು ನಿಮಿಷದ ಕಾಳಗ. ಜೊತೆಗೆ ಮೊದಲೇ ರೆಕಾರ್ಡ್ ಮಾಡಿಟ್ಟ ನಲವತ್ತು ಸಾಲು ಕಾಮೆಂಟರಿ. ಹೆಸರು ಮಾಡಿದ ಗೇಮ್‌ಗಳ ಪಾತ್ರಗಳನ್ನು ಬಳಸೋಣ ಅಂತ ಅವರು ಒಂದು ಸಲ ಅಂದರು, ಬೇಡವೇ ಬೇಡ ಅಂದೆ. ಕ್ರಿಕೆಟ್ ಯಾರ ಸ್ವತ್ತೂ ಅಲ್ಲ, ಆದರೆ ಇ-ಸ್ಪೋರ್ಟ್ಸ್‌ನ ಒಂದೊಂದು ಆಟಕ್ಕೂ ಒಬ್ಬ ಮಾಲೀಕ ಇದ್ದಾನೆ. ಅನುಮತಿ ಇಲ್ಲದೆ ಅವರ ಪಾತ್ರವನ್ನೋ ಲೋಗೋವನ್ನೋ ಬೂತ್‌ನಲ್ಲಿ ತೂಗುಹಾಕಿದರೆ ವಕೀಲರ ಪತ್ರ ಬರುತ್ತದೆ. ಹಾಗಾಗಿ ಐದೂ ವೀರರನ್ನು ಗೆಳತಿಯೇ ಬರೆದಳು. ಚೆನ್ನಾಗಿ ಬರೆದಿದ್ದಳು ಕೂಡ.

ಐದನೇ ದಿನ ಪಕ್ಕದ ಆಫೀಸಿನ ಆರು ಜನರನ್ನು ಕರೆದು ಆಡಿಸಿದೆವು. ನಾನು ಸ್ಟಾಪ್‌ವಾಚ್ ಹಿಡಿದು ಹಿಂದೆ ನಿಂತಿದ್ದೆ. ಮೊದಲನೆಯವನು ವೀರನನ್ನು ಆರಿಸಲಿಕ್ಕೇ ನಲವತ್ತು ಸೆಕೆಂಡ್ ತೆಗೆದುಕೊಂಡ. ಆಮೇಲೆ ಯಾವ ಬಟನ್ ಏನು ಮಾಡುತ್ತೆ ಅಂತ ಕೇಳಿದ. ಹೇಳಿದೆ. ಆಡುವಾಗ ಮರೆತ. ಇನ್ನೊಬ್ಬಳು ಸೋತ ಮೇಲೆ "ಆಟ ಚೆನ್ನಾಗಿದೆ" ಅಂದು ನಕ್ಕು ಎದ್ದಳು. ಚೆನ್ನಾಗಿದೆ ಅಂತ ಬಾಯಲ್ಲಿ ಹೇಳಿ, ಇನ್ನೊಂದು ಸಲ ಆಡುತ್ತೀನಿ ಅನ್ನದವರ ಮಾತನ್ನು ನಂಬಬಾರದು. ಅದಕ್ಕಿಂತ ಬೇಜಾರಾದದ್ದು ಉಳಿದ ನಾಲ್ವರನ್ನು ನೋಡಿ. ತಮ್ಮ ಸರದಿಗೆ ಕಾಯುತ್ತಿದ್ದವರು ಸ್ಕ್ರೀನ್ ಕಡೆ ತಲೆಯನ್ನೇ ಎತ್ತಲಿಲ್ಲ. ನಾಲ್ಕೂ ಜನ ಫೋನ್‌ನಲ್ಲಿದ್ದರು.

ಬೂತ್ ಆಟ ಮಾಡುವವರು ಮೊದಲು ಹಾಕಬೇಕಾದದ್ದು ಸಾಲಿನ ಲೆಕ್ಕ. ನಾನು ಅದನ್ನು ಐದನೇ ದಿನ ಹಾಕಿದೆ. ಆಟಕ್ಕೆ ಮೂರು ನಿಮಿಷ, ಹೇಳಿಕೊಡಲು ಒಂದು, ಹೆಸರು ಟೈಪ್ ಮಾಡಿ ಎದ್ದು ಹೋಗಲು ಇನ್ನೊಂದು. ಐದು ನಿಮಿಷಕ್ಕೊಂದು ಪಂದ್ಯ ಅಂದರೆ ಗಂಟೆಗೆ ಹನ್ನೆರಡು. ಸಾಲಿನಲ್ಲಿ ಆರನೇ ಜೋಡಿಯಾಗಿ ನಿಂತವರು 25 ನಿಮಿಷ ಕಾಯಬೇಕು. ಎಡಕ್ಕೂ ಬಲಕ್ಕೂ ನೂರು ಸ್ಟಾಲ್ ಇರುವ ಕಡೆ ಯಾರು ಕಾಯುತ್ತಾರೆ? ಅದೇ ಪಂದ್ಯ 30 ಸೆಕೆಂಡಿನದಾಗಿ, ಜನ ಬದಲಾಗಲು 15 ಸೆಕೆಂಡ್ ಹಿಡಿದರೆ ಗಂಟೆಗೆ 80 ಪಂದ್ಯ. ಆರನೇ ಜೋಡಿಯ ಸರದಿ ನಾಲ್ಕು ನಿಮಿಷದೊಳಗೆ ಬಂದುಬಿಡುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಅದರ ಅರ್ಧ ಸಿಕ್ಕರೂ ಪುಣ್ಯ. ಆದರೆ ಆ ಅರ್ಧವೂ ನಮ್ಮ ಹನ್ನೆರಡರ ಮೂರು ಪಟ್ಟಿಗಿಂತ ಹೆಚ್ಚು.

ಅವತ್ತು ಸಂಜೆ ವೀರರನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಮುಚ್ಚಿದೆವು. ಗೆಳತಿ ಒಂದು ಗಂಟೆ ನನ್ನ ಹತ್ತಿರ ಮಾತಾಡಲಿಲ್ಲ. ತಪ್ಪು ನನ್ನದೇ.

ಇಂಥ ಹೊತ್ತಲ್ಲಿ ನನಗೆ ನೆನಪಾಗುವುದು ವಿಲಿಯಂ ಹಿಗಿನ್‌ಬೋಥಂ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ ಸಾರ್ವಜನಿಕರನ್ನು ಒಳಗೆ ಬಿಡುತ್ತಿದ್ದರು. ಬಂದವರಿಗೆ ನೋಡಲು ಇದ್ದದ್ದು ಪಟ, ಫಲಕ, ಅಲುಗಾಡದ ಯಂತ್ರಗಳು. ಜನ ಬೇಸರದಲ್ಲಿ ಆಕಳಿಸುತ್ತಾರೆ ಅಂತ 1958ರಲ್ಲಿ ಈ ಭೌತವಿಜ್ಞಾನಿ ಒಂದು ಆಸಿಲೋಸ್ಕೋಪಿನ, ಅಂದರೆ ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಉಪಕರಣದ, ಪರದೆ ಮೇಲೆ ಟೆನಿಸ್ ಆಟ ಕಟ್ಟಿದ. ವಿನ್ಯಾಸಕ್ಕೆ ಕೆಲವು ಗಂಟೆ, ಜೋಡಿಸಲು ಸುಮಾರು ಮೂರು ವಾರ. ಪರದೆ ಐದೇ ಇಂಚು. ಅಂಕಣವನ್ನು ಪಕ್ಕದಿಂದ ನೋಡಿದ ಹಾಗೆ ಒಂದು ಉದ್ದ ಗೆರೆ, ನಡುವೆ ಬಲೆಗೆ ಒಂದು ಗಿಡ್ಡ ಗೆರೆ, ಹಾರಾಡುವ ಒಂದು ಚುಕ್ಕೆ. ಆಡುವವರ ಕೈಗೆ ಒಂದು ತಿರುಗುಣಿ, ಒಂದು ಗುಂಡಿ. ಅಂಕ ಕೂಡ ಎಣಿಸುತ್ತಿರಲಿಲ್ಲ. ಜನ ಸಾಲುಗಟ್ಟಿ ನಿಂತರು. ಮರುವರ್ಷ ದೊಡ್ಡ ಪರದೆ ತಂದು, ಚಂದ್ರನ ಮೇಲೆ ಮತ್ತು ಗುರುಗ್ರಹದ ಮೇಲೆ ಆಡಿದರೆ ಚೆಂಡು ಹೇಗೆ ಹಾರುತ್ತೆ ಅಂತಲೂ ತೋರಿಸಿದ. ಆಮೇಲೆ ಅದನ್ನು ಬಿಚ್ಚಿ ಬಿಡಿಭಾಗಗಳನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡರು. ವಿಡಿಯೊ ಗೇಮ್ ಇತಿಹಾಸದ ಮೊದಲ ಪುಟಗಳಲ್ಲಿ ಬರುವ ಈ ಆಟ ಹುಟ್ಟಿದ್ದೇ ಬೂತ್‌ಗೋಸ್ಕರ, ಮುಗಿದದ್ದೂ ಬೂತ್ ಬಿಚ್ಚಿದಾಗ. ಇದು ನಮ್ಮ ಕಸುಬಿನವರು ಗೋಡೆಗೆ ತೂಗುಹಾಕಿಕೊಳ್ಳಬೇಕಾದ ಕಥೆ.

ಒಂದು ಗುಂಡಿ ಸಾಕು ಅಂತ ತೀರ್ಮಾನಿಸಿದೆವು. ಇಬ್ಬರು ಆಡುವವರು, ಒಬ್ಬೊಬ್ಬರ ಮುಂದೆ ಅಂಗೈ ಅಗಲದ ಒಂದೊಂದು ಆರ್ಕೇಡ್ ಬಟನ್, ನಾಣ್ಯ ಹಾಕಿ ಆಡುವ ಗೇಮ್ ಯಂತ್ರಗಳಲ್ಲಿ ಇರುತ್ತಲ್ಲ ಅಂಥದ್ದು. ಸ್ಕ್ರೀನ್ ಕಪ್ಪಾಗಿರುತ್ತದೆ. ಒಂದೂವರೆಯಿಂದ ನಾಲ್ಕು ಸೆಕೆಂಡಿನೊಳಗೆ ಯಾವಾಗಲೋ ಒಂದು ಬಿಳಿ ವೃತ್ತ ಬೆಳಗುತ್ತದೆ. ಮೊದಲು ಒತ್ತಿದವರಿಗೆ ಅಂಕ. ವೃತ್ತ ಬರುವ ಮುಂಚೆ ಒತ್ತಿದರೆ ಅಂಕ ಎದುರಾಳಿಗೆ. ಐದರಲ್ಲಿ ಮೂರು ಗೆದ್ದವರು ಗೆದ್ದ ಹಾಗೆ. ಮೂರನೇ ಸುತ್ತಿನಿಂದ ಒಂದು ಕುತಂತ್ರ: ಕೆಲವೊಮ್ಮೆ ವೃತ್ತದ ಬದಲು ಚೌಕ ಬರುತ್ತದೆ. ಚೌಕಕ್ಕೆ ಒತ್ತಿದರೂ ಅಂಕ ಎದುರಾಳಿಗೆ. ಇಷ್ಟೇ ಆಟ. ಬೋರ್ಡಿನ ಮೇಲೆ ಬರೆದದ್ದು ಎರಡು ಸಾಲು: "ವೃತ್ತ ಬಂದ ತಕ್ಷಣ ಒತ್ತಿ. ಮೊದಲೇ ಒತ್ತಬೇಡಿ." 1972ರ ಪಾಂಗ್ ಅನ್ನುವ ಗೇಮ್ ಯಂತ್ರದ ಮೇಲೆ ಆಡುವುದು ಹೇಗೆ ಅಂತ ಬರೆದದ್ದೂ ಹೆಚ್ಚುಕಡಿಮೆ ಇಷ್ಟೇ ಇತ್ತು, ಚೆಂಡು ತಪ್ಪಿಸಿಕೊಳ್ಳಬೇಡಿ ಅಂತ.

ಸಂಕೇತಕ್ಕೆ ಕೆಂಪು-ಹಸಿರು ಬೇಡ ಅಂತ ಹಟ ಹಿಡಿದವಳು ಗೆಳತಿ. ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಅವರಿಗೆ ನಮ್ಮ ಆಟ ಬರೀ ಅದೃಷ್ಟದ ಆಟವಾಗುತ್ತಿತ್ತು. ಗೆದ್ದಾಗ ಸ್ಕ್ರೀನ್ ಪಟಪಟ ಮಿಂಚಬೇಕು ಅಂತ ನಾನು ಬರೆದಿದ್ದ ಕೋಡನ್ನೂ ಅವಳೇ ಅಳಿಸಿದಳು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಿಸಬಾರದು ಅನ್ನುವುದು ವೆಬ್ ಪುಟಗಳಿಗೇ ಇರುವ ಸುರಕ್ಷತಾ ನಿಯಮ. ಮಿಂಚುವ ಬೆಳಕಿಗೆ ಫಿಟ್ಸ್ ಬರುವವರು ಇರುತ್ತಾರೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಸ್ಕ್ರೀನ್ ಇದು. ಮುಖ ತಿರುಗಿಸಿಕೊಳ್ಳಿ ಅಂತ ಮೊದಲೇ ಹೇಳಲು ಆಗುತ್ತಾ?

ಗೊಡೊ, ಯೂನಿಟಿ ಥರದ ಗೇಮ್ ಕಟ್ಟುವ ತಂತ್ರಾಂಶ ಏನೂ ಬೇಡ ಅಂತ ಬ್ರೌಸರ್‌ನಲ್ಲೇ ಬರೆದೆ. ಯಾವ ಲ್ಯಾಪ್‌ಟಾಪ್ ಕೊಟ್ಟರೂ ಓಡಬೇಕು, ಅಷ್ಟೇ. ಇಡೀ ಆಟ ಒಂದು ದಿನದ ಕೆಲಸ. ಉಳಿದ ಮೂರು ದಿನ ಹೋದದ್ದು ಮಿಲಿಸೆಕೆಂಡುಗಳ, ಅಂದರೆ ಸೆಕೆಂಡಿನ ಸಾವಿರದ ಒಂದೊಂದು ಭಾಗದ, ಹಿಂದೆ.

ಬೆಳಕು ಕಂಡು ಬೆರಳು ಒತ್ತಲು ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಕಿವಿ ಕಣ್ಣಿಗಿಂತ ಚುರುಕು. ಸದ್ದಿಗೆ ಇನ್ನೂ ಬೇಗ ಒತ್ತುತ್ತೇವೆ. ಆದರೆ ಈವೆಂಟ್ ಹಾಲ್‌ನ ಗಲಾಟೆಯಲ್ಲಿ ಸದ್ದನ್ನು ನಂಬಿ ಆಟ ಕಟ್ಟಲು ಬರಲ್ಲ, ಹಾಗಾಗಿ ಸಂಕೇತ ಬರೀ ಬೆಳಕಿನದು, ಸದ್ದು ಆಮೇಲೆ. ಓಟದ ಪಂದ್ಯಗಳಲ್ಲಿ ಗುಂಡಿನ ಸದ್ದಾಗಿ 0.1 ಸೆಕೆಂಡಿನೊಳಗೆ ಹೊರಟರೆ ತಪ್ಪು ಅನ್ನುತ್ತಾರೆ. ಅಷ್ಟು ಬೇಗ ಹೊರಟವನು ಕೇಳಿಸಿಕೊಂಡು ಹೊರಟಿಲ್ಲ, ಅಂದಾಜಿನಲ್ಲಿ ಹೊರಟಿದ್ದಾನೆ ಅಂತ ಲೆಕ್ಕ. ಆ ನಿಯಮವನ್ನು ಹಾಗೇ ಎತ್ತಿಕೊಂಡೆ. 100 ಮಿಲಿಸೆಕೆಂಡಿನೊಳಗೆ ಒತ್ತಿದರೆ ಫೌಲ್.

ಸಮಸ್ಯೆ ಬಂದದ್ದು ಬಾಡಿಗೆಗೆ ತಂದ ದೊಡ್ಡ ಟಿವಿಯಿಂದ. ಅದರ ಮೇಲೆ ಆಡಿದರೆ, ವೃತ್ತ ಬಂದ ಮೇಲೆ ಒತ್ತಲು ನನಗೆ ಹಿಡಿದ ಹೊತ್ತಿನ ಅಂಕಿ 340 ಮಿಲಿಸೆಕೆಂಡ್. ಲ್ಯಾಪ್‌ಟಾಪ್ ಮೇಲೆ 230. ನಾನೇನು ಟಿವಿ ಮುಂದೆ ನಿಂತ ಕೂಡಲೇ ಮುದುಕನಾಗುತ್ತೇನಾ? ಟಿವಿ ತನಗೆ ಬಂದ ಚಿತ್ರವನ್ನು ಸುಮ್ನೆ ತೋರಿಸುವುದಿಲ್ಲ, ಹೊಳಪು ತಿದ್ದಿ, ಅಂಚು ನುಣುಪು ಮಾಡಿ, ಆಮೇಲೆ ತೋರಿಸುತ್ತದೆ. ಸಿನಿಮಾಗೆ ಅದು ಚೆಂದ, ಆಟಕ್ಕೆ ಶಾಪ. ಎಷ್ಟು ತಡ ಅಂತ ಅಳೆಯಲು ಫೋನ್‌ನ ಸ್ಲೋ ಮೋಷನ್ ಕ್ಯಾಮೆರಾ ಸಾಕಾಯಿತು. ಸೆಕೆಂಡಿಗೆ 240 ಫ್ರೇಮ್, ಅಂದರೆ ಒಂದು ಫ್ರೇಮಿಗೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಬಟನ್ ಒಳಗಿನ ದೀಪವನ್ನು ಒತ್ತಿದ ತಕ್ಷಣ ಹತ್ತುವ ಹಾಗೆ ನೇರ ತಂತಿಗೆ ಸೇರಿಸಿದೆ. ಒತ್ತಿದರೆ ಸ್ಕ್ರೀನ್ ಪೂರ್ತಿ ಬಿಳಿಯಾಗಲಿ ಅಂತ ಎರಡು ಸಾಲು ಕೋಡ್ ಬರೆದೆ. ಬಟನ್ನೂ ಟಿವಿಯೂ ಒಟ್ಟಿಗೆ ಕಾಣುವಂತೆ ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ ವಿಡಿಯೊ ಮಾಡಿದೆವು. ಆಮೇಲೆ ಗೆಳತಿ ಒಂದೊಂದೇ ಫ್ರೇಮ್ ಸರಿಸುತ್ತಾ, ದೀಪ ಹತ್ತಿದಲ್ಲಿಂದ ಸ್ಕ್ರೀನ್ ಬೆಳ್ಳಗಾಗುವವರೆಗೆ ಜೋರಾಗಿ ಎಣಿಸಿದಳು. 31 ಫ್ರೇಮ್. ಸುಮಾರು 130 ಮಿಲಿಸೆಕೆಂಡ್.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಆರು ಮೆನು ಕೆಳಗೆ ಗೇಮ್ ಮೋಡ್ ಅಂತ ಒಂದು ಇತ್ತು. ಆನ್ ಮಾಡಿ ಮತ್ತೆ ಎಣಿಸಿದರೆ 11 ಫ್ರೇಮ್, ಸುಮಾರು 45 ಮಿಲಿಸೆಕೆಂಡ್. ಆರು ಮೆನುವಿನ ದೂರದಲ್ಲಿ ಇಷ್ಟು ವ್ಯತ್ಯಾಸ.

ಉಳಿದ 45 ಮಿಲಿಸೆಕೆಂಡನ್ನು ಕೋಡ್‌ನಲ್ಲೇ ಕಳೆದುಬಿಟ್ಟೆ. "ಇದು ಮೋಸ ಅಲ್ವಾ?" ಅಂತ ಗೆಳತಿ ಕೇಳಿದಳು. ತಕ್ಕಡಿಯಲ್ಲಿ ತಟ್ಟೆಯ ತೂಕ ಕಳೆಯುವುದು ಮೋಸವಾ ಅಂದೆ. ಇಬ್ಬರೂ ಒಂದೇ ಸ್ಕ್ರೀನ್ ನೋಡುವುದರಿಂದ ಗೆಲುವು-ಸೋಲಿಗೆ ಇದರಿಂದ ವ್ಯತ್ಯಾಸ ಇಲ್ಲ. ಆದರೆ ಜನ ಆ ಅಂಕಿಯನ್ನು ತಮ್ಮ ಬಗ್ಗೆ ಹೇಳಿದ ಮಾತು ಅಂತ ತೆಗೆದುಕೊಳ್ಳುತ್ತಾರೆ. ಟಿವಿಯ ಸೋಮಾರಿತನವನ್ನು ಅವರ ಲೆಕ್ಕಕ್ಕೆ ಯಾಕೆ ಬರೆಯಬೇಕು? ಬ್ರೌಸರ್‌ನ ಗಡಿಯಾರ ಕೂಡ ಪೂರ್ತಿ ಸಾಚಾ ಅಲ್ಲ. 2018ರಲ್ಲಿ ಪ್ರೊಸೆಸರ್‌ಗಳಲ್ಲಿ ಸ್ಪೆಕ್ಟರ್ ಅನ್ನುವ ಭದ್ರತಾ ದೋಷ ಹೊರಬಿದ್ದ ಮೇಲೆ ಬ್ರೌಸರ್ ಮಾಡುವವರು ತಮ್ಮ ಗಡಿಯಾರಗಳನ್ನು ಬೇಕಂತಲೇ ಸ್ವಲ್ಪ ಒರಟು ಮಾಡಿದರು. ನಮ್ಮ ಆಟಕ್ಕೆ ಒಂದು ಮಿಲಿಸೆಕೆಂಡಿನ ಹಂತದ ಲೆಕ್ಕ ಸಾಕಿತ್ತು, ಹಾಗಾಗಿ ಬಚಾವಾದೆವು.

ಹೆಸರಿನ ವಿಷಯಕ್ಕೆ ಒಂದು ಜಗಳ ಆಯಿತು. ಬೂತ್‌ನವರಿಗೆ ಆಡುವ ಮೊದಲು ಹೆಸರು, ಫೋನ್ ನಂಬರ್, ಇಮೇಲ್ ಮೂರೂ ಬೇಕಿತ್ತು. ಅವರ ದೃಷ್ಟಿಯಲ್ಲಿ ಅದಕ್ಕೇ ಅಲ್ವಾ ಆಟ. ನಿಂತುಕೊಂಡು ಇಮೇಲ್ ಟೈಪ್ ಮಾಡುವುದು ನಮ್ಮ 30 ಸೆಕೆಂಡಿನ ಆಟಕ್ಕಿಂತ ಉದ್ದದ ಕೆಲಸ, ಆಡಲು ಬರುವವರಲ್ಲಿ ಅರ್ಧ ಮಕ್ಕಳು, ಮಕ್ಕಳ ನಂಬರ್ ಬರೆಸಿಕೊಂಡು ಏನು ಮಾಡುತ್ತೀರಿ ಅಂತ ಕೇಳಿದೆ. ಕೊನೆಗೆ ಒಪ್ಪಂದವಾಯಿತು: ಆಟ ಆಡಲು ಏನೂ ಕೊಡಬೇಕಿಲ್ಲ, ಆಡಿದ ಮೇಲೆ ಇಷ್ಟ ಇದ್ದವರು ಪಕ್ಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿವರ ತುಂಬಲಿ.

ಲೀಡರ್‌ಬೋರ್ಡಿಗೆ, ಅಂದರೆ ಎಲ್ಲರಿಗಿಂತ ಬೇಗ ಒತ್ತಿದವರ ಪಟ್ಟಿಗೆ, ಮಾತ್ರ ಹೆಸರು ಬೇಕಲ್ಲ. 1979ರ ಆಸ್ಟರಾಯ್ಡ್ಸ್ ಅನ್ನುವ ಗೇಮ್ ಯಂತ್ರದಲ್ಲಿ ಹೆಸರಿಗೆ ಮೂರಕ್ಷರ ಹಾಕುವ ಪದ್ಧತಿ ಇತ್ತು. ಮೂರಕ್ಷರ ಕೊಟ್ಟರೆ ಜನ ಮೊದಲು ಬರೆಯುವುದು ಬೈಗುಳ. ಅದಕ್ಕೆ ಆಟವೇ ಹೆಸರು ಕೊಡಲಿ ಅಂತ ಮಾಡಿದೆವು. ಒಂದು ಬಣ್ಣ, ಒಂದು ಪ್ರಾಣಿ. ನೀಲಿ ನರಿ, ಕೆಂಪು ಗೂಬೆ, ಬೂದು ಮುಂಗುಸಿ. ಹೊತ್ತು ಉಳಿಸಲು ಮಾಡಿದ ಈ ಉಪಾಯ ಇಡೀ ಆಟದಲ್ಲೇ ಅತಿ ಹೆಚ್ಚು ಇ-ಸ್ಪೋರ್ಟ್ಸ್ ಆದ ಭಾಗ ಅಂತ ಆಮೇಲೆ ಹೊಳೆಯಿತು. ಅಲ್ಲಿ ಹೆಚ್ಚಿನವರು ಸ್ವಂತ ಹೆಸರಲ್ಲಿ ಆಡುವುದಿಲ್ಲ. ಫೇಕರ್ ಅಂದರೆ ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಗೇಮ್ ನೋಡುವವರೆಲ್ಲ ಎದ್ದು ಕೂರುತ್ತಾರೆ. ಅವನ ಸ್ವಂತ ಹೆಸರು ಹಿಡಿದು ಲೀ ಸಾಂಗ್-ಹ್ಯೋಕ್ ಅಂದರೆ ಎಷ್ಟೋ ಜನ ಯಾರಪ್ಪ ಅಂತಾರೆ.

ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆಯಿತು. ಹತ್ತೂ ಇಪ್ಪತ್ತಕ್ಕೆ ಆಟ ನಿಂತುಹೋಯಿತು.

ಎಂಟು-ಒಂಬತ್ತು ವರ್ಷದ ಹುಡುಗ ಬಂದು ಬಲಗಡೆಯ ಬಟನ್ನನ್ನು ಪಟಪಟಪಟ ಬಡಿದ. ಕಿರ್ ಅಂತ ಸದ್ದಾಗಿ, ಆಟದ ಮೇಲೆ ಒಂದು ಬಿಳಿ ಪೆಟ್ಟಿಗೆ ಬಂದು ಕೂತಿತು: ಸ್ಟಿಕ್ಕಿ ಕೀಸ್ ಆನ್ ಮಾಡಬೇಕೇ? ಆಡುವವರು ಎಷ್ಟು ಒತ್ತಿದರೂ ಆಟಕ್ಕೆ ತಲುಪುತ್ತಿಲ್ಲ. ಕಾರಣ ತಿಳಿಯಲು ನನಗೆ ಹತ್ತು ನಿಮಿಷ ಬೇಕಾಯಿತು. ಆರ್ಕೇಡ್ ಬಟನ್ನುಗಳನ್ನು ಕಂಪ್ಯೂಟರಿಗೆ ಸೇರಿಸುವ ಪುಟ್ಟ ಬೋರ್ಡ್ ಇದೆಯಲ್ಲ, ಅದು ತಾನೊಂದು ಕೀಬೋರ್ಡ್ ಅಂತ ಕಂಪ್ಯೂಟರನ್ನು ನಂಬಿಸುತ್ತದೆ. ಅದರ ಒಂದೊಂದು ತಂತಿಗೂ ಒಂದೊಂದು ಕೀ. ನಾನು ಎರಡನೇ ಬಟನ್ನನ್ನು ಸಿಕ್ಕಿಸಿದ್ದ ಜಾಗ ಹುಟ್ಟಿನಿಂದಲೇ ಎಡಗಡೆಯ ಶಿಫ್ಟ್. ಶಿಫ್ಟನ್ನು ಒಂದರ ಹಿಂದೊಂದು ಐದು ಸಲ ಒತ್ತಿದರೆ ಆ ಪೆಟ್ಟಿಗೆ ಬರುತ್ತದೆ. ಎರಡು ಕೀ ಒಟ್ಟಿಗೆ ಹಿಡಿಯಲು ಆಗದವರಿಗಾಗಿ ಇಟ್ಟಿರುವ ಒಳ್ಳೆಯ ಸೌಲಭ್ಯ ಅದು, ಅದರದ್ದೇನೂ ತಪ್ಪಿಲ್ಲ. ಆಫೀಸಿನಲ್ಲಿ ಆಡಿದವರೆಲ್ಲ ದೊಡ್ಡವರು, ಒಂದು ಸಲ ಒತ್ತಿ ಕಾದರು. ಹಾಗಾಗಿ ಅಲ್ಲಿ ಬರಲಿಲ್ಲ. ಮಗು ಬಡಿಯುವ ಹಾಗೆ ಯಾರೂ ಬಡಿದಿರಲಿಲ್ಲ. ಪೆಟ್ಟಿಗೆ ಬಿಚ್ಚಿ ತಂತಿಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದೆ. ಸ್ಕ್ರೂಡ್ರೈವರ್ ಕೊಟ್ಟದ್ದು ಎದುರು ಸ್ಟಾಲ್‌ನವರು. ಹುಡುಗ ಅಷ್ಟೂ ಹೊತ್ತು ಅಲ್ಲೇ ನಿಂತು, "ನಾನು ಏನೂ ಮಾಡಿಲ್ಲ ಅಣ್ಣಾ" ಅಂತ ಮೂರು ಸಲ ಹೇಳಿದ.

ಅಲ್ಲಿಂದ ಸಂಜೆಯವರೆಗೆ ಆಟ ಓಡಿತು. ಜನ ಬಂದರು, ಆಡಿದರು, ಹೋದರು. ಬೂತ್‌ನವರಿಗೆ ಖುಷಿ. ನನಗೆ ಏನೋ ಕೊರತೆ ಅನ್ನಿಸುತ್ತಿತ್ತು. ಸಾಲು ಎಲ್ಲಿ ನಿಲ್ಲಬೇಕು ಅಂತ ನೆಲಕ್ಕೆ ಹಳದಿ ಟೇಪ್ ಹಚ್ಚಿದ್ದೆವು, ಆಡುವವರ ಬೆನ್ನ ಹಿಂದೆ ನೇರವಾಗಿ. ಆ ಗೆರೆ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಎರಡೂ ಪಕ್ಕ, ನಮ್ಮ ಸ್ಟ್ಯಾಂಡಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ ನಿಲ್ಲುತ್ತಿದ್ದರು. ದಯವಿಟ್ಟು ಸಾಲಿನಲ್ಲಿ ಬನ್ನಿ ಅಂತ ವಾಲಂಟಿಯರ್ ಹುಡುಗಿ ಹೇಳಿ ಹೇಳಿ ಸುಸ್ತಾದಳು.

ಸಂಜೆ ಗೆಳತಿ ತೆಗೆದ ಫೋಟೊ ನೋಡುತ್ತಿದ್ದೆವು. ಒಂದರ ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಸ್ಕ್ರೀನ್ ಯಾರು ನೋಡ್ತಿದ್ದಾರೆ?" ಅಂದಳು. ಪಕ್ಕದಲ್ಲಿ ತುಂಬಿಕೊಂಡಿದ್ದ ಏಳು ಜನರಲ್ಲಿ ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಆಡುವವರ ಮುಖದ ಮೇಲೆ. ಒತ್ತಬೇಕೋ ಬೇಡವೋ ಅಂತ ತುಟಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಕಾಯುವ ಆ ಮುಖ ನೋಡಲಿಕ್ಕೇ ಅವರು ಇಕ್ಕಟ್ಟಿನಲ್ಲಿ ನುಗ್ಗಿದ್ದು. ನಾವು ಹಳೇ ಆರ್ಕೇಡ್ ಯಂತ್ರದ ಹಾಗೆ ಟಿವಿಯನ್ನು ಹಿಂದಿನ ಗೋಡೆಗೆ ಹಾಕಿದ್ದೆವು. ಆಡುವವರು ಅದಕ್ಕೆ ಮುಖ, ದಾರಿಯಲ್ಲಿ ಹೋಗುವವರಿಗೆ ಬೆನ್ನು.

ಯಾವುದೇ ದೊಡ್ಡ ಇ-ಸ್ಪೋರ್ಟ್ಸ್ ಪಂದ್ಯದ ವೇದಿಕೆ ನೆನಪಿಸಿಕೊಳ್ಳಿ. ಆಟಗಾರರು ಕೂರುವುದು ಪ್ರೇಕ್ಷಕರಿಗೆ ಮುಖ ಮಾಡಿ. ಅವರ ಸ್ಕ್ರೀನ್ ಅವರ ಮುಂದೆ, ನಮ್ಮ ಸ್ಕ್ರೀನ್ ಅವರ ತಲೆ ಮೇಲೆ. ಡೋಟ 2 ಅನ್ನುವ ಗೇಮಿನ ಮೊದಲ ದಿ ಇಂಟರ್‌ನ್ಯಾಷನಲ್ ಟೂರ್ನಿ 2011ರಲ್ಲಿ ನಡೆದದ್ದು ಜರ್ಮನಿಯ ಕಲೋನ್‌ನಲ್ಲಿ, ಗೇಮ್ಸ್‌ಕಾಮ್ ಅನ್ನುವ ವಿಡಿಯೊ ಗೇಮ್ ಮೇಳದ ಒಳಗೆ. ಗೆದ್ದ ತಂಡಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ. ಅದೂ ಒಂದು ಲೆಕ್ಕದಲ್ಲಿ ಮೇಳದ ಸ್ಟಾಲ್ ಆಟವೇ. 2004ರ ಇವೊ ಅನ್ನುವ ಫೈಟಿಂಗ್ ಗೇಮ್ ಟೂರ್ನಿಯ ಆ ತುಣುಕು ಗೇಮ್ ಆಡುವವರೆಲ್ಲ ನೋಡಿರುತ್ತೀರಿ: ಸ್ಟ್ರೀಟ್ ಫೈಟರ್‌ನಲ್ಲಿ ಡೈಗೊ ಉಮೆಹಾರ ಹತ್ತಿರ ಕೂದಲೆಳೆಯಷ್ಟು ಪ್ರಾಣ ಉಳಿದಿದೆ, ಜಸ್ಟಿನ್ ವಾಂಗ್ ಬಿಟ್ಟ ಹದಿನೈದು ಏಟನ್ನೂ ಒಂದೊಂದಾಗಿ ತಡೆದು ಗೆಲ್ಲುತ್ತಾನೆ. ಆ ವಿಡಿಯೊದಿಂದ ಜನರ ಕೂಗನ್ನು ತೆಗೆದುಬಿಡಿ. ಎರಡು ಗೊಂಬೆ ಕೈಕಾಲು ಆಡಿಸುವುದಷ್ಟೇ ಉಳಿಯುತ್ತದೆ.

ನೇರಳೆ ನಿಯಾನ್ ಬಳಿದು ಇ-ಸ್ಪೋರ್ಟ್ಸ್ ಮಾಡಿದೆವು ಅಂದುಕೊಂಡಿದ್ದ ನಾವು ಆಡುವವರ ಮುಖವನ್ನೇ ಗೋಡೆಗೆ ತಿರುಗಿಸಿ ಇಟ್ಟಿದ್ದೆವು.

ರಾತ್ರಿ ಹಾಲ್‌ನ ಕರೆಂಟ್ ತೆಗೆಯುವವರು ಬರುವ ಮುಂಚೆ ಮೇಜು ತಿರುಗಿಸಿದೆವು. ಆಡುವವರಿಗೆ ಮೇಜಿನ ಮೇಲೆ ಒಂದು ಚಿಕ್ಕ ಮಾನಿಟರ್. ದೊಡ್ಡ ಟಿವಿ ಅವರ ಬೆನ್ನ ಹಿಂದೆ ಎತ್ತರದಲ್ಲಿ, ದಾರಿಗೆ ಮುಖ. ಎಚ್‌ಡಿಎಂಐ ಕೇಬಲ್ ಅರ್ಧ ಅಡಿ ಸಾಲದೆ ಬಂತು, ಮೇಜನ್ನೇ ಅರ್ಧ ಅಡಿ ಹಿಂದೆ ತಳ್ಳಿದೆವು. ಆಮೇಲೆ ತಲೆಬಿಸಿ ಶುರುವಾಯಿತು. ಮಾನಿಟರ್ ಬೇಗ, ಟಿವಿ ತಡ. ಹಾಗಾದರೆ ಟಿವಿ ನೋಡುವವರಿಗೆ ವೃತ್ತ ಬರುವ ಮೊದಲೇ ಬಟನ್‌ನ ದೀಪ ಹತ್ತಿದಂತೆ ಕಂಡು, ಆಟವೇ ಸುಳ್ಳು ಅನ್ನಿಸುವುದಿಲ್ಲವಾ? ಕೂತು ಲೆಕ್ಕ ಹಾಕಿದೆ. ಟಿವಿ ತಡ ಮಾಡುವುದು 50 ಮಿಲಿಸೆಕೆಂಡಿಗೂ ಕಡಿಮೆ. ಎಷ್ಟೇ ಚುರುಕಿನವರಾದರೂ 100ರೊಳಗೆ ಒತ್ತಿದರೆ ಫೌಲ್. ವೃತ್ತ ಯಾವಾಗಲೂ ಬೆರಳಿಗಿಂತ ಮೊದಲೇ ಬರುತ್ತದೆ. ಓಟದ ಪಂದ್ಯದಿಂದ ಎತ್ತಿಕೊಂಡ ನಿಯಮ ಇಲ್ಲೂ ಕೈ ಹಿಡಿಯಿತು. ಮಾನಿಟರಿನ ತಡವನ್ನು ಮತ್ತೆ ಅಳೆದು, ಕಳೆಯುವ ಅಂಕಿ ಬದಲಿಸಿ, ಬೀಗ ಹಾಕುವವರ ಜೊತೆಗೇ ಹೊರಗೆ ಬಂದೆವು.

ಎರಡನೇ ದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಆಟ ಓಡುತ್ತಿತ್ತು. ಸ್ವಿಚ್ ಹಾಕಿದರೆ ಯಾರ ಪಾಸ್‌ವರ್ಡೂ ಕೇಳದೆ ಆಟ ತಾನೇ ಶುರುವಾಗಬೇಕು ಅಂತ ಮಾಡಿಟ್ಟಿದ್ದೆ. ಇಂಟರ್ನೆಟ್ಟಿಗೂ ಕಟ್ಟಿಹಾಕಿರಲಿಲ್ಲ. ಸಾವಿರಾರು ಫೋನ್ ಇರುವ ಹಾಲ್‌ನಲ್ಲಿ ವೈಫೈ ನಂಬಿದವನು ಕೆಟ್ಟ. ಬ್ಲೂಟೂತ್ ಬಟನ್ ಕೂಡ ಬೇಡ, ಅದೂ ಅದೇ ಅಲೆಗಳ ಸಂತೆಯಲ್ಲಿ ಕೂಗಬೇಕು.

ಹನ್ನೊಂದರ ಹೊತ್ತಿಗೆ ಒಬ್ಬ ತಂದೆ, ಹನ್ನೆರಡು ವರ್ಷದ ಆಸುಪಾಸಿನ ಮಗಳು ಬಂದರು. ಅಪ್ಪ ಶರ್ಟಿನ ತೋಳು ಮಡಚಿಕೊಂಡು, ಅಂಗೈಯನ್ನು ಬಟನ್ ಮೇಲೆ ಎತ್ತಿ ಹಿಡಿದು, ಮುಂದಕ್ಕೆ ಬಾಗಿ ನಿಂತರು. ಮಗಳು ಕೈಯನ್ನು ಮೇಜಿನ ಅಂಚಿನಲ್ಲಿಟ್ಟುಕೊಂಡಿದ್ದಳು. ಮೊದಲ ಸುತ್ತು, ವೃತ್ತ ಬರುವ ಮುಂಚೆಯೇ ಅಪ್ಪ ಒತ್ತಿದರು. ಫೌಲ್. "ಬಂತಲ್ಲ!" ಅಂದರು. ಎರಡನೇ ಸುತ್ತು, ಮತ್ತೆ ಅದೇ. ಸುತ್ತ ಜನ ನಗಲು ಶುರು. ಮೂರನೇ ಸುತ್ತು. ಈ ಸಲ ಅಪ್ಪ ಉಸಿರು ಬಿಗಿಹಿಡಿದು ಕಾದರು. ಹುಬ್ಬಿನ ಮೇಲೆ ಒಂದು ನರ ಕುಣಿಯುತ್ತಿದ್ದದ್ದು ನಾನು ನಿಂತಿದ್ದಲ್ಲಿಗೆ ಕಾಣುತ್ತಿತ್ತು. ಬಂದದ್ದು ಚೌಕ. ಧಪ್ ಅಂತ ಒತ್ತಿಬಿಟ್ಟರು. ಮಗಳು 3-0. ಅವಳು ಬಟನ್ನನ್ನು ಒಮ್ಮೆಯೂ ಮುಟ್ಟಿರಲಿಲ್ಲ. "ನೀನು ಆಡಲೇ ಇಲ್ಲವಲ್ಲೇ!" ಅಂದರು ಅಪ್ಪ. "ನೀವು ಆಡಕ್ಕೆ ಬಿಟ್ರೆ ತಾನೇ ಅಪ್ಪಾ" ಅಂದಳು. ಮೂವತ್ತು ಜನ ಒಟ್ಟಿಗೆ ನಕ್ಕ ಸದ್ದಿಗೆ ಆಚೆ ಸಾಲಿನ ಸ್ಟಾಲ್‌ನವರು ಇಣುಕಿ ನೋಡಿದರು.

ಒಂದು ಸಲವೂ ಒತ್ತದೆ ಗೆಲ್ಲಬಹುದು ಅನ್ನುವುದು ನಿಯಮದಲ್ಲಿದ್ದ ತೂತು. ಮಧ್ಯಾಹ್ನ ಮುಚ್ಚೋಣ ಅಂತ ಲ್ಯಾಪ್‌ಟಾಪ್ ತೆಗೆದಿದ್ದೆ. ಗೆಳತಿ ಮುಚ್ಚಳ ಹಾಕಿದಳು. ಸರಿಯಾಗೇ ಮಾಡಿದಳು.

ಇನ್ನೊಂದು ನಾವು ಯೋಚಿಸದೇ ಆದದ್ದು. ಸಾಲು ನಿಲ್ಲಿಸಿ ನಿಲ್ಲಿಸಿ ಸುಸ್ತಾಗಿದ್ದ ವಾಲಂಟಿಯರ್ ಹುಡುಗಿಗೆ ಈಗ ಆ ಕೆಲಸ ಇರಲಿಲ್ಲ, ಜನ ತಾವಾಗಿಯೇ ಮೇಜಿನ ಮುಂದೆ ನಿಲ್ಲುತ್ತಿದ್ದರು. ಬೂತ್‌ನ ಪ್ರಕಟಣೆಗೆ ಇಟ್ಟಿದ್ದ ಮೈಕ್ ತೆಗೆದುಕೊಂಡು ಅವಳು ಮೆಲ್ಲಗೆ ಶುರು ಮಾಡಿದಳು. "ಬೂದು ಮುಂಗುಸಿಯವರು ಶರ್ಟಿನ ತೋಳು ಮಡಚುತ್ತಿದ್ದಾರೆ... ನೀಲಿ ನರಿ ಮಾತ್ರ ತಣ್ಣಗೆ ನಿಂತಿದೆ..." ನಾವು ರೆಕಾರ್ಡ್ ಮಾಡಿ ಎಸೆದಿದ್ದ ನಲವತ್ತು ಸಾಲಿಗೂ ಇವಳ ಒಂದು ಸಾಲಿಗೂ ಹೋಲಿಕೆಯೇ ಇಲ್ಲ. ರೆಕಾರ್ಡಿಂಗಿಗೆ ಶರ್ಟಿನ ತೋಳು ಕಾಣುತ್ತದಾ?

ಲೀಡರ್‌ಬೋರ್ಡನ್ನು ಎರಡನೇ ದಿನ ಗಂಟೆಗೊಮ್ಮೆ ಅಳಿಸಲು ಶುರು ಮಾಡಿದೆವು. ಬೆಳಿಗ್ಗೆ ಯಾರೋ ಹೊಡೆದ 168 ಮಿಲಿಸೆಕೆಂಡ್ ಇಡೀ ದಿನ ಮೇಲೆ ಕೂತರೆ ಮಧ್ಯಾಹ್ನ ಬಂದವರಿಗೆ ಆಸೆಯೇ ಹುಟ್ಟಲ್ಲ. ಗೆದ್ದವರು ಅಲ್ಲೇ ನಿಂತು ಮುಂದಿನವರ ಜೊತೆ ಆಡಬಹುದು, ಆದರೆ ಮೂರು ಗೆಲುವಾದ ಮೇಲೆ ಇಳಿಯಬೇಕು ಅಂತಲೂ ಮಾಡಿದೆವು. ಈ ಮೂರರ ಮಿತಿ ಬಂದದ್ದು ಒಬ್ಬ ಕಾಲೇಜು ಹುಡುಗ ಹನ್ನೊಂದು ಜನರನ್ನು ಸಾಲಾಗಿ ಸೋಲಿಸಿ, ಮುಂದೆ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಕಳಚಿಕೊಂಡ ಮೇಲೆ.

ಮೂರನೇ ದಿನ ಸಂಜೆ ಆರಕ್ಕೆ ಮುಗಿಯಿತು. ಟಿವಿ ಬಾಡಿಗೆಯವರು ಬಂದು ಟಿವಿ ಒಯ್ದರು. ಬಟನ್ನುಗಳ ಪೆಟ್ಟಿಗೆ ನನ್ನ ಚೀಲಕ್ಕೆ ಹೋಯಿತು, ಬಲಗಡೆಯದ್ದು ಸ್ವಲ್ಪ ಸಡಿಲ ಆಗಿತ್ತು. ಕೊನೆಗೆ ನೆಲದ ಹಳದಿ ಟೇಪ್ ಕೀಳಲು ಬಗ್ಗಿದೆ. ಅದು ಹಚ್ಚಿದ ಹಾಗೇ ಇತ್ತು, ಒಂದು ಅಂಚೂ ಸವೆದಿರಲಿಲ್ಲ. ಆದರೆ ಮೇಜಿನ ಮುಂದೆ, ನಾವು ಯಾವ ಗುರುತೂ ಹಾಕದ ಕಡೆ, ಕಾರ್ಪೆಟ್‌ನ ಜುಂಗು ಪೂರ್ತಿ ಮಲಗಿಹೋಗಿ ಅರ್ಧಚಂದ್ರದ ಆಕಾರ ಬಿದ್ದಿತ್ತು. ಗೆಳತಿ ಅದರ ಫೋಟೊ ತೆಗೆದುಕೊಂಡಳು.

ಎರಡು ತಿಂಗಳ ಮೇಲೆ ಇನ್ನೊಂದು ಈವೆಂಟ್‌ನವರು ನಿಮ್ಮ ಆಟಕ್ಕೆ ಎಷ್ಟು ಜಾಗ ಬೇಕು, ನಕ್ಷೆ ಕಳಿಸಿ ಅಂದರು. ಮೇಜು, ಮಾನಿಟರ್, ಟಿವಿ ಹಾಕಿ, ಅದರ ಮುಂದೆ ಆ ಅರ್ಧಚಂದ್ರವನ್ನೂ ಅಳತೆ ಸಮೇತ ಬರೆದು ಕಳಿಸಿದೆವು. ಅವರು ಕೂಡಲೇ ಫೋನ್ ಮಾಡಿದರು.

"ಸರ್, ಆ ಗೆರೆ ನಮ್ಮ ಸ್ಟಾಲ್‌ನಿಂದ ಹೊರಗೆ ಬಂದಿದೆ. ಅದು ಜನ ಓಡಾಡೋ ದಾರಿ."

"ಗೊತ್ತು" ಅಂದೆ. "ಆ ದಾರಿ ಎಷ್ಟು ಅಗಲ ಇದೆ?"